ನಾಲ್ಕು ಸಾವಿರದ ಬೆನ್ನು ಹತ್ತಿ ಹೋದ ನಲವತ್ತು ಸಾವಿರ

ಪ್ರಶ್ನೆ: ನನಗೆ 33 ವರ್ಷ. ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಬಿ.ಕಾಂ. ಓದಿದ್ದೇನೆ, ಪೇಟೆಯಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುತ್ತೇನೆ. ಯಜಮಾನರು ವ್ಯವಸಾಯ ನೋಡಿಕೊಳ್ಳುತ್ತಾರೆ. ಕಬ್ಬಿನ ಬಿಲ್ ಬಂದಾಗ, ಬೆಂಗಳೂರಿನ ಒಂದು ಹೆಸರಾದ ಕಂಪನಿಯ ಐಪಿಒಗೆ ಹಾಕೋಣ ಎಂದು ನಾನೇ ಹೇಳಿದೆ. ನನ್ನ ಹೆಸರಲ್ಲೊಂದು, ಯಜಮಾನರ ಹೆಸರಲ್ಲೊಂದು ಲಾಟ್ ಬಂತು. ಒಟ್ಟು 30,000 ರೂಪಾಯಿ. ಲಿಸ್ಟಿಂಗ್ ದಿನ ಅಂಗಡಿಯ ಗೋಡೌನಿನಲ್ಲಿ ಮೊಬೈಲ್ ಹಿಡಿದು ಕೂತಿದ್ದೆ. ಹತ್ತು ಗಂಟೆ ಐದು ನಿಮಿಷಕ್ಕೆ 4,200 ರೂಪಾಯಿ ಲಾಭ ತೋರಿಸಿತು. ಮಾರಲು ಒತ್ತಿದೆ. ಚಕ್ರ ಸುತ್ತುತ್ತಲೇ ಇತ್ತು. ಹೊರಗೆ ಬಂದು ಮತ್ತೆ ಲಾಗಿನ್ ಮಾಡಿದರೆ ಒಟಿಪಿ ಬರಲಿಲ್ಲ. ಆ್ಯಪ್ ತೆರೆದುಕೊಂಡಾಗ ಹನ್ನೊಂದು ದಾಟಿತ್ತು, ಲಾಭ ಕರಗಿತ್ತು. ಮತ್ತೆ ಏರುತ್ತದೆ ಎಂದು ಬಿಟ್ಟೆ. ಈಗ ಐದು ತಿಂಗಳಾಯಿತು, ಅದರ ಬೆಲೆ 21,000. ಮಾವ ಊಟಕ್ಕೆ ಕೂತಾಗಲೆಲ್ಲ "ಹೆಣ್ಣೈಕ್ಳ ಮಾತು ಕಟ್ಕಂಡ್ರೆ ಇಂಗೇ ಆಗೋದು" ಅನ್ನುತ್ತಾರೆ. ಯಜಮಾನರು ಏನೂ ಅನ್ನುವುದಿಲ್ಲ, ಅದೇ ಹೆಚ್ಚು ಉರಿಯುತ್ತದೆ. ಎರಡು ನಿಮಿಷ ಮೊದಲೇ ಒತ್ತಿದ್ದರೆ ಎಂದು ರಾತ್ರಿಯೆಲ್ಲ ಅದೇ ಯೋಚನೆ. ಇನ್ನೊಂದು ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೋದದ್ದನ್ನು ಅಲ್ಲೇ ಎತ್ತಬೇಕೆಂದು ಆಪ್ಷನ್ ಮಾಡಲು ಹೋಗಿ, ಹೊಲಿಗೆ ಯಂತ್ರಕ್ಕೆಂದು ಸಂಘದಲ್ಲಿ ತೆಗೆದ 40,000 ಸಾಲದ ದುಡ್ಡೂ ಹೋಯಿತು. ವಾರವಾರ ಕಂತು ಕಟ್ಟುತ್ತಿದ್ದೇನೆ. ಕೆಲವು ರಾತ್ರಿ ಬದುಕೇ ಬೇಡ ಅನ್ನಿಸಿಬಿಡುತ್ತದೆ.
– ಹೆಸರು ಬೇಡ, ಪಾಂಡವಪುರ ತಾಲ್ಲೂಕು

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದ ಶುರು ಮಾಡುತ್ತೇನೆ. ಉಳಿದ ಯಾವ ಲೆಕ್ಕವೂ ಅದಕ್ಕಿಂತ ಮುಖ್ಯವಲ್ಲ. ಬದುಕೇ ಬೇಡ ಅನ್ನಿಸುವ ರಾತ್ರಿ ಒಬ್ಬರೇ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಸಹಾಯವಾಣಿ. ದಿನದ 24 ಗಂಟೆಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. "ಷೇರಿನ ವಿಷಯಕ್ಕೆಲ್ಲ ಫೋನ್ ಮಾಡಬಹುದೇ" ಎಂಬ ಸಂಕೋಚ ಬೇಡ. ಯಾವ ಕಾರಣದಿಂದ ನಿದ್ದೆ ಹೋದರೂ ನಿದ್ದೆ ನಿದ್ದೆಯೇ. ಎದುರು ಕೂತು ಮಾತನಾಡಬೇಕು ಅನ್ನಿಸಿದರೆ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಹೆಸರು ನೋಡಿ ಹೆದರಬೇಡಿ, ಅಲ್ಲಿಗೆ ನಿದ್ದೆ ಬಾರದವರು, ಎದೆ ಡವಗುಟ್ಟುವವರು, ಸುಮ್ಮನೆ ಅಳು ಬರುವವರು ದಿನವೂ ಹೋಗುತ್ತಾರೆ.

ಈಗ ನಿಮ್ಮ ನೋವಿನ ಮಾತಿಗೆ ಬರುತ್ತೇನೆ.

4,200 ರೂಪಾಯಿಗೆ ಇಷ್ಟು ದುಃಖವೇ ಎಂದು ನಾನು ಕೇಳುವುದಿಲ್ಲ. ನಿಮ್ಮ ದುಃಖ ಆ ದುಡ್ಡಿನದ್ದಲ್ಲ ಎಂದು ನನಗೆ ಕಾಣುತ್ತಿದೆ. ಕಬ್ಬಿನ ಬಿಲ್ ಬಂದಾಗ ಅದನ್ನು ಏನು ಮಾಡುವುದು ಎಂಬ ಮಾತು ಮನೆಯಲ್ಲಿ ಯಾರು ಆಡುತ್ತಾರೆ? ಮಾವ ಆಡುತ್ತಾರೆ, ಗಂಡ ಆಡುತ್ತಾರೆ. ಗೊಬ್ಬರದ ಅಂಗಡಿ ಬಾಕಿ ಎಷ್ಟು, ಬ್ಯಾಂಕಿಗೆ ಎಷ್ಟು, ಬೋರ್‌ವೆಲ್ ಮೋಟರಿಗೆ ಎಷ್ಟು. ಲೆಕ್ಕ ಕಲಿತ ಸೊಸೆ ಚಹಾ ಕೊಟ್ಟು ಒಳಗೆ ಹೋಗುತ್ತಾಳೆ. ಈ ಸಲ ನೀವು ಒಳಗೆ ಹೋಗಲಿಲ್ಲ. "ಇದರಲ್ಲಿ 30,000 ಹೀಗೆ ಹಾಕೋಣ" ಅಂದಿರಿ, ಅವರು ಒಪ್ಪಿದರು. ಮನೆಯ ದುಡ್ಡಿನ ಬಗ್ಗೆ ನಿಮ್ಮ ಬಾಯಿಂದ ಬಂದ ಮೊದಲ ಮಾತು ಇದು ಎಂದು ನಾನು ಊಹಿಸುತ್ತೇನೆ. ಆ ಮಾತು ಸೋತಿತು ಎಂದು ನಿಮಗೆ ಅನ್ನಿಸಿದೆ. ಮಾವನ ಕೊಂಕು ಅಲ್ಲಿಗೇ ತಾಗುತ್ತಿದೆ, ಗಂಡನ ಮೌನವೂ ಅಲ್ಲಿಗೇ ತಾಗುತ್ತಿದೆ. ಇದು ಸಣ್ಣ ನೋವಲ್ಲ.

ಆದರೆ ಅವತ್ತು ಸೋತದ್ದು ನಿಮ್ಮ ಮಾತಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ನಡೆದದ್ದು ಹಾಗೆಯೇ ಇದೆ.

ದೊಡ್ಡ ಕಂಪನಿಯ ಷೇರು ಮೊದಲ ದಿನ ಬಜಾರಿಗೆ ಬರುವಾಗ ಲಕ್ಷಾಂತರ ಜನ ಒಂದೇ ನಿಮಿಷಕ್ಕೆ ಅದೇ ಬಾಗಿಲಿಗೆ ಬಂದು ನಿಲ್ಲುತ್ತಾರೆ. 2012ರ ಮೇ 18ರಂದು ಅಮೆರಿಕದ ಷೇರು ವಿನಿಮಯ ಕೇಂದ್ರ ನಾಸ್ಡಾಕ್‌ನಲ್ಲಿ ಫೇಸ್‌ಬುಕ್ ಷೇರು ಮೊದಲ ಸಲ ಬಂದಾಗ ಏನಾಯಿತು ಕೇಳಿ. ಬೆಳಿಗ್ಗೆ 11ಕ್ಕೆ ಶುರುವಾಗಬೇಕಿದ್ದ ವಹಿವಾಟು ಅರ್ಧ ಗಂಟೆ ತಡವಾಯಿತು. ಅಲ್ಲಿನ ಕಂಪ್ಯೂಟರು ಬಂದ ಆರ್ಡರುಗಳನ್ನೆಲ್ಲ ಕೂಡಿಸಿ ಮೊದಲ ಬೆಲೆ ಕಟ್ಟಬೇಕಿತ್ತು. ಕಟ್ಟಿ ಮುಗಿಸುವಷ್ಟರಲ್ಲಿ ಯಾರೋ ಆರ್ಡರ್ ರದ್ದು ಮಾಡುವುದು, ಅದು ಮತ್ತೆ ಮೊದಲಿನಿಂದ ಎಣಿಸುವುದು, ಅಷ್ಟರಲ್ಲಿ ಇನ್ನೊಬ್ಬರು ರದ್ದು ಮಾಡುವುದು. ಮದುವೆ ಪಂಕ್ತಿಯಲ್ಲಿ ಎಲೆ ಎಣಿಸುವವನು ಕೊನೆಗೆ ಬರುವಷ್ಟರಲ್ಲಿ ಮೊದಲಿನವರು ಎದ್ದುಹೋದ ಹಾಗೆ. 30,000ಕ್ಕೂ ಹೆಚ್ಚು ಆರ್ಡರುಗಳು ಎರಡು ಗಂಟೆಗೂ ಮೀರಿ ಒಳಗೇ ಸಿಕ್ಕಿಕೊಂಡವು. ಕೊಂಡೆವೋ ಇಲ್ಲವೋ, ಮಾರಿದೆವೋ ಇಲ್ಲವೋ ಎಂದು ದೊಡ್ಡ ದೊಡ್ಡ ಬ್ಯಾಂಕುಗಳಿಗೇ ತಿಳಿಯಲಿಲ್ಲ. ಮರುವರ್ಷ ನಾಸ್ಡಾಕ್ ಈ ತಪ್ಪಿಗೆ 1 ಕೋಟಿ ಡಾಲರ್ ದಂಡ ಕಟ್ಟಿತು. ಅದೇ 2012ರ ಮಾರ್ಚ್‌ನಲ್ಲಿ ಬ್ಯಾಟ್ಸ್ ಎಂಬ ಇನ್ನೊಂದು ವಿನಿಮಯ ಕೇಂದ್ರ ತನ್ನದೇ ಷೇರನ್ನು ತನ್ನದೇ ಯಂತ್ರದಲ್ಲಿ ಲಿಸ್ಟ್ ಮಾಡಲು ಹೋಗಿ, ಯಂತ್ರ ಕೈಕೊಟ್ಟು, ಐಪಿಒವನ್ನೇ ಹಿಂದೆಗೆದುಕೊಂಡಿತು.

ನಮ್ಮಲ್ಲೂ ಆಗಿದೆ. 2021ರ ಫೆಬ್ರುವರಿ 24ರಂದು ಮುಂಬೈನ ಎನ್‌ಎಸ್‌ಇ ವಿನಿಮಯ ಕೇಂದ್ರ ಬೆಳಿಗ್ಗೆ 11.40ಕ್ಕೆ ನಿಂತದ್ದು, ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ. ಅವತ್ತು ಸಂಜೆ ಐದರವರೆಗೆ ವ್ಯಾಪಾರ ನಡೆಸಬೇಕಾಯಿತು. ಬ್ರೋಕರ್ ಆ್ಯಪ್‌ಗಳು ಕೆಡುವುದು ಎಷ್ಟು ಸಾಮಾನ್ಯವಾಯಿತೆಂದರೆ, 2022ರ ನವೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಅದಕ್ಕೆಂದೇ ಒಂದು ನಿಯಮಾವಳಿ ತಂದಿತು. ಐದು ನಿಮಿಷ ಸತತವಾಗಿ ಕೆಟ್ಟರೂ ಅದು ತಾಂತ್ರಿಕ ದೋಷವೆಂದೇ ಲೆಕ್ಕ, ಬ್ರೋಕರ್ ಅದನ್ನು ವಿನಿಮಯ ಕೇಂದ್ರಕ್ಕೆ ತಿಳಿಸಬೇಕು ಎಂದಿತು. ನಿಮ್ಮದು ಒಂದು ಗಂಟೆ.

ನಿಮ್ಮ ಮಾವನಿಗೂ ಅರ್ಥವಾಗುವ ಮಾತಿನಲ್ಲಿ ಹೇಳುತ್ತೇನೆ. ಕಟಾವು ಮಾಡಿ ಗಾಡಿಗೆ ತುಂಬಿದ ಕಬ್ಬು ಕಾರ್ಖಾನೆಯ ಅಂಗಳದಲ್ಲಿ ಸಾಲು ನಿಂತಿದೆ. ಒಳಗೆ ಅರೆಯುವ ಯಂತ್ರ ಕೆಟ್ಟಿತು. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಗಾಡಿಯಲ್ಲೇ ಕಬ್ಬು ಒಣಗುತ್ತದೆ, ತೂಕ ಇಳಿಯುತ್ತದೆ, ಬಿಲ್ ಕಡಿಮೆಯಾಗುತ್ತದೆ. ಹಾಗಾದಾಗ ನಮ್ಮ ಕಡೆಯ ಯಾವ ರೈತನೂ "ನಾನು ಕಬ್ಬು ಬೆಳೆದದ್ದೇ ತಪ್ಪು" ಎಂದು ಗೋಡೆಗೆ ತಲೆ ಚಚ್ಚಿಕೊಳ್ಳುವುದಿಲ್ಲ. ಕಾರ್ಖಾನೆಯವರನ್ನು ಕೇಳುತ್ತಾನೆ, ಗೇಟಿನ ಮುಂದೆ ಕೂರುತ್ತಾನೆ, ಜಗಳವನ್ನೂ ಆಡುತ್ತಾನೆ. ಮನೆಯವರೂ ಅವನನ್ನು ಬೈಯುವುದಿಲ್ಲ. ಮೊಬೈಲಿನೊಳಗೆ ನಿಂತ ಸಾಲು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಗೋಡೌನಿನಲ್ಲಿ ಒಬ್ಬರೇ ಕೂತಿದ್ದರಿಂದ ತಪ್ಪೂ ಒಬ್ಬರದ್ದೇ ಅನ್ನಿಸಿತು.

"ಎರಡು ನಿಮಿಷ ಮೊದಲೇ ಒತ್ತಿದ್ದರೆ" ಎಂಬ ಯೋಚನೆಯ ಬಗ್ಗೆಯೂ ಒಂದು ಮಾತು. ಎರಡು ನಿಮಿಷ ಮೊದಲು ಆ ಬೆಲೆ ಎಲ್ಲಿರುತ್ತಿತ್ತೋ, ನೀವು ಮಾರಿದ ಮೇಲೆ ಅದು ಎಲ್ಲಿಗೆ ಹೋಗುತ್ತಿತ್ತೋ ಯಾರಿಗೆ ಗೊತ್ತಿತ್ತು? ಬೆಂಗಳೂರಿನದ್ದೇ ಓಲಾ ಎಲೆಕ್ಟ್ರಿಕ್ ನೋಡಿ. 2024ರ ಆಗಸ್ಟ್ 9ರಂದು 76 ರೂಪಾಯಿಯ ಷೇರು ಹೆಚ್ಚುಕಡಿಮೆ 76ಕ್ಕೇ ಶುರುವಾಯಿತು. ಲಾಭವಿಲ್ಲವೆಂದು ಆ ಗಳಿಗೆಯಲ್ಲೇ ಮಾರಿದವರು, ಸಂಜೆ ಅದು 91.20ಕ್ಕೆ ಮುಗಿದಾಗ ಕೈ ಹಿಸುಕಿಕೊಂಡರು. ಹನ್ನೊಂದು ದಿನ ಕಳೆದು ಅದು 157 ಮುಟ್ಟಿದಾಗ 91ಕ್ಕೆ ಮಾರಿದವರು ಕೈ ಹಿಸುಕಿಕೊಂಡರು. ಇನ್ನೂ ಏರುತ್ತದೆಂದು ಇಟ್ಟುಕೊಂಡವರು, 2025ರಲ್ಲಿ ಅದು 50ಕ್ಕಿಂತ ಕೆಳಗೆ ಇಳಿದದ್ದನ್ನು ಕಂಡರು. ಬೇಗ ಮಾರಿದವರಿಗೂ ತಡ ಮಾಡಿದವರಿಗೂ ಒಂದೇ ನೋವು. ಹಾಗಾಗಿ ನಿಮ್ಮ ನಿದ್ದೆ ಕೆಡಿಸುತ್ತಿರುವ ಆ ಎರಡು ನಿಮಿಷವನ್ನು ದಯವಿಟ್ಟು ಬಿಟ್ಟುಬಿಡಿ.

ಹನ್ನೊಂದು ದಾಟಿದ ಮೇಲೆ ಆ್ಯಪ್ ತೆರೆದುಕೊಂಡಾಗ ಯಾಕೆ ಮಾರಲಿಲ್ಲ ಎಂದು ನಿಮ್ಮನ್ನು ನೀವೇ ಕೇಳಿಕೊಂಡಿರುತ್ತೀರಿ. ಕಣ್ಣಾರೆ ಕಂಡ ಲಾಭ ಕರಗಿದ ಮೇಲೆ ಮಾರಲು ಕೈ ಬರುವುದಿಲ್ಲ. ಅದು ನಿಮ್ಮೊಬ್ಬರ ಸ್ವಭಾವವಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಐಪಿಒ ಬಗ್ಗೆ ಒಂದು ಅಧ್ಯಯನ ಹೊರತಂದಿತು. ಶೇ 20ಕ್ಕಿಂತ ಹೆಚ್ಚು ಲಾಭ ಬಂದ ಕಡೆ ಜನ ಒಂದು ವಾರದೊಳಗೆ ಮೌಲ್ಯದ ಲೆಕ್ಕದಲ್ಲಿ ಶೇ 67.6ರಷ್ಟು ಷೇರು ಮಾರಿದ್ದರು. ನಷ್ಟವಾದ ಕಡೆ ಮಾರಿದ್ದು ಶೇ 23.3 ಮಾತ್ರ. ನಷ್ಟವನ್ನು ಒಪ್ಪಿಕೊಳ್ಳುವುದು ಓದಿದವರಿಗೂ ಓದದವರಿಗೂ ಇಷ್ಟೇ ಕಷ್ಟ.

ಇಲ್ಲಿಯವರೆಗಿನದು ಯಂತ್ರದ ಮಾತು. ಇನ್ನು ಮುಂದಿನದು ನಿಮ್ಮ ಮಾತು, ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ನೀವು ಲೆಕ್ಕ ಬರೆಯುವವರು. ಅಂಗಡಿಯ ಪುಸ್ತಕದಲ್ಲಿ ಬರೆಯುವ ಹಾಗೆಯೇ ಇದನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಮೊದಲ ಸಾಲಿನಲ್ಲಿ 4,200. ಇದು ನಿಮ್ಮ ಕೈಗೆ ಬಂದಿರಲೇ ಇಲ್ಲ. ಬಾರದ ದುಡ್ಡನ್ನು ಯಾವ ಲೆಕ್ಕಿಗರೂ ನಷ್ಟದ ಕಡೆ ಬರೆಯುವುದಿಲ್ಲ, ಅದನ್ನು ಹೊಡೆದುಹಾಕಿ. ಎರಡನೆಯ ಸಾಲಿನಲ್ಲಿ 9,000. ಹಾಕಿದ 30,000 ಇವತ್ತು 21,000 ಆಗಿದೆ. ಇದು ನಿಜವಾದ ಇಳಿಕೆ, ಆದರೆ ಷೇರು ಇನ್ನೂ ನಿಮ್ಮ ಹತ್ತಿರವೇ ಇದೆ. ಮೂರನೆಯ ಸಾಲಿನಲ್ಲಿ 40,000. ಇದು ಹೋದ ದುಡ್ಡು, ಅದೂ ಸಾಲದ ದುಡ್ಡು. ಈ ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಿ. ಮನೆಯವರು ಐದು ತಿಂಗಳಿಂದ ಆಡಿಕೊಳ್ಳುತ್ತಿರುವುದು ಮೊದಲ ಎರಡು ಸಾಲನ್ನು. ನಿಮ್ಮ ಎದೆಯ ಮೇಲೆ ಕೂತಿರುವುದು ಮೂರನೆಯದು. ಅದು ಅವರಿಗೆ ಗೊತ್ತೇ ಇಲ್ಲ.

ಆಪ್ಷನ್ ವ್ಯವಹಾರವನ್ನು ಇವತ್ತೇ ನಿಲ್ಲಿಸಿ. ಇನ್ನೊಂದು ಸಲ, ಕೊನೆಯ ಸಲ, ಚಿಕ್ಕದಾಗಿ ಎಂಬುದೂ ಬೇಡ. ಸೆಬಿ 2024ರಲ್ಲಿ ಮೂರು ವರ್ಷಗಳ ಲೆಕ್ಕ ತೆಗೆದು ನೋಡಿದಾಗ, ಈ ಫ್ಯೂಚರ್ಸ್ ಆಪ್ಷನ್ಸ್‌ನಲ್ಲಿ ಕೈಹಾಕಿದ ಬಿಡಿ ವ್ಯಕ್ತಿಗಳಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡಿದ್ದರು. ತಲೆಗೆ ಸುಮಾರು 2 ಲಕ್ಷ ರೂಪಾಯಿ. ನೀವು 40,000ಕ್ಕೆ ನಿಂತಿರಿ. ಎದುರಿಗಿರುವುದು ದೊಡ್ಡ ಸಂಸ್ಥೆಗಳು, ಕಣ್ಣು ಮಿಟುಕಿಸುವುದರೊಳಗೆ ಆರ್ಡರ್ ಹಾಕುವ ಅವರ ಕಂಪ್ಯೂಟರುಗಳು. ಗೋಡೌನಿನಲ್ಲಿ ಊಟದ ಬಿಡುವಿನಲ್ಲಿ ಫೋನ್ ಹಿಡಿದು ಅವರನ್ನು ಗೆಲ್ಲಲಾಗಲಿಲ್ಲ ಎಂದರೆ ಅದು ದಡ್ಡತನವಲ್ಲ. ಆ್ಯಪ್‌ನಲ್ಲಿ ಆ ವಿಭಾಗವನ್ನೇ ಮುಚ್ಚಿಸಲು ಸಾಧ್ಯವಿದೆ, ಬ್ರೋಕರ್‌ಗೆ ಕೇಳಿ ಮುಚ್ಚಿಸಿ. ಹೋದದ್ದನ್ನು ಎತ್ತಿಕೊಡುತ್ತೇವೆಂದು ಟೆಲಿಗ್ರಾಂ, ವಾಟ್ಸ್‌ಆ್ಯಪ್ ಗುಂಪುಗಳಿಂದ ಯಾರಾದರೂ ಕರೆದರೆ ಉತ್ತರ ಕೊಡಬೇಡಿ. ದುಡ್ಡು ಕಳೆದುಕೊಂಡವರನ್ನೇ ಅವರು ಹುಡುಕುವುದು. ಈಗಾಗಲೇ ಅಂಥವರಿಗೆ ಯಾರಾದರೂ ದುಡ್ಡು ಕಳಿಸಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ದೂರಿನ ಸಂಖ್ಯೆ.

ಮಿಕ್ಕಿರುವುದು ಕಷ್ಟದ ಕೆಲಸ. ಯಜಮಾನರಿಗೆ ಹೇಳುವುದು.

ನೀವು ಅವರ ಮೌನವನ್ನು ಕೋಪ ಎಂದು ಓದಿದ್ದೀರಿ. ಇರಬಹುದು. ಆದರೆ ಬೇರೆ ಏನಾದರೂ ಆಗಿರಲೂಬಹುದು. ಅಪ್ಪನ ಎದುರು ಹೆಂಡತಿಯ ಪರ ಮಾತನಾಡಲು ಬಾಯಿ ಬಾರದ ಗಂಡಸರು ನಮ್ಮ ಕಡೆ ಬಹಳ. ಆಡದೇ ಇದ್ದದ್ದಕ್ಕೆ ಒಳಗೊಳಗೇ ಬೇಯುತ್ತಿರುತ್ತಾರೆ. ಐಪಿಒ ಅರ್ಜಿಗೆ ತಮ್ಮ ಫೋನಿನಲ್ಲಿ ಯುಪಿಐ ಒಪ್ಪಿಗೆ ಕೊಟ್ಟವರು ಅವರೇ ಅಲ್ಲವೇ? ಅಂದರೆ ಆ ದಿನ ನಿಮ್ಮ ಮಾತನ್ನು ನಂಬಿದವರು. ಆ ನಂಬಿಕೆ ಪೂರ್ತಿ ಹೋಗಿದೆ ಎಂದು ತಿಳಿಯಲು ನಿಮ್ಮ ಪತ್ರದಲ್ಲಿ ನನಗೆ ಯಾವ ಕಾರಣವೂ ಸಿಗಲಿಲ್ಲ.

ಊಟದ ಹೊತ್ತಿನಲ್ಲಿ, ಮಾವನ ಎದುರು ಬೇಡ. ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ, ಹಿತ್ತಲಲ್ಲೋ ಗದ್ದೆಯ ಬದುವಿನಲ್ಲೋ, ಇಬ್ಬರೇ ಇದ್ದಾಗ ಆ ಹಾಳೆ ಕೊಡಿ. "ನಿಮಗೆ ಹೇಳದೆ ಒಂದು ತಪ್ಪು ಮಾಡಿದ್ದೀನಿ, ಬೈಯಿರಿ, ಆದರೆ ಪೂರ್ತಿ ಕೇಳಿ" ಎಂದಷ್ಟೇ ಶುರು ಮಾಡಿ. ಆ್ಯಪ್ ಕೆಟ್ಟದ್ದಕ್ಕೆ ಕ್ಷಮೆ ಕೇಳಬೇಡಿ, ಅದು ನಿಮ್ಮದಲ್ಲ. ಸಂಘದ ದುಡ್ಡನ್ನು ಮುಚ್ಚಿಟ್ಟದ್ದಕ್ಕೆ ಕೇಳಿ, ಅದು ನಿಮ್ಮದು. ಇವೆರಡನ್ನೂ ಕಲಸಿ ಒಂದೇ ಮುದ್ದೆ ಮಾಡಿಕೊಂಡು ನುಂಗಲು ಹೋಗಿದ್ದರಿಂದಲೇ ನಿಮಗೆ ಉಸಿರು ಕಟ್ಟುತ್ತಿದೆ. ಅವರು ಸಿಟ್ಟಾಗಬಹುದು. ಎರಡು ದಿನ ಮಾತು ಬಿಡಬಹುದು. ಅದನ್ನು ತಡೆದುಕೊಳ್ಳಿ. ಮನೆಯಲ್ಲಿ ಕೈ ಎತ್ತುವ ಭಯ ನಿಮಗಿದ್ದರೆ ಮಾತ್ರ ಒಬ್ಬರೇ ಹೇಳಬೇಡಿ, ಮೊದಲು ತವರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮಹಿಳಾ ಸಹಾಯವಾಣಿ 181 ಕೂಡ ಇದೆ.

ಸಾಲವನ್ನು ಒಬ್ಬರೇ ಹೊತ್ತು, ಯಾರಿಗೂ ಹೇಳದೆ ಒಳಗೇ ಕುದಿದವರ ಮನೆಗಳನ್ನು ನಮ್ಮ ಮಂಡ್ಯ ಜಿಲ್ಲೆ 2015ರಲ್ಲಿ ಬಹಳ ನೋಡಿತು. ಆ ದಿನಗಳು ನೆನಪಾಗಿಯೇ ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ನಿಮ್ಮ 40,000 ತೀರದ ಸಾಲವಲ್ಲ. ಇಬ್ಬರ ದುಡಿಮೆಯಿದೆ. ಸಂಘದವರ ಹತ್ತಿರ ಹೋಗಿ ಕಂತಿನ ಅವಧಿ ಹೆಚ್ಚಿಸಬಹುದೇ ಎಂದು ಕೇಳಿ. ವಾರವಾರ ಹೊಂದಿಸುವುದು ಕಷ್ಟವಾಗುತ್ತಿದ್ದರೆ, ಉಳಿದ 21,000ದ ಷೇರನ್ನು ಮಾರಿ ಅಷ್ಟಕ್ಕಷ್ಟು ಸಾಲ ಇಳಿಸುವ ಮಾತನ್ನೂ ಇಬ್ಬರೂ ಕೂತು ಆಡಿ. ಬಡ್ಡಿ ಕಟ್ಟುತ್ತಾ ಷೇರು ಏರುವುದನ್ನು ಕಾಯುವುದು ನನಗೆ ಸರಿ ಕಾಣುವುದಿಲ್ಲ. ತೀರ್ಮಾನ ನಿಮ್ಮಿಬ್ಬರದು.

ಬ್ರೋಕರ್ ಮೇಲೆ ದೂರು ಕೊಡಬೇಕೇ ಎಂದರೆ, ಕೊಡಿ. ಐದು ತಿಂಗಳಾಯಿತೆಂದು ಬಿಡಬೇಡಿ, ಒಂದು ವರ್ಷದೊಳಗಾದರೆ ಸೆಬಿಯ 'ಸ್ಕೋರ್ಸ್' ಜಾಲತಾಣ ದೂರನ್ನು ತೆಗೆದುಕೊಳ್ಳುತ್ತದೆ. ಮೊದಲು ಬ್ರೋಕರ್‌ಗೇ ಬರೆಯಿರಿ. ಯಾವ ದಿನ, ಎಷ್ಟು ಗಂಟೆಗೆ ಒತ್ತಿದಿರಿ, ಏನು ಕಾಣಿಸಿತು, ಯಾವಾಗ ತೆರೆದುಕೊಂಡಿತು ಎಂಬುದಿಷ್ಟು. ಅವತ್ತಿನ ಸ್ಕ್ರೀನ್‌ಶಾಟ್, ತಡವಾಗಿ ಬಂದ ಒಟಿಪಿ ಮೆಸೇಜ್ ಇದ್ದರೆ ಅಳಿಸಬೇಡಿ. ಅವರ ಉತ್ತರ ಸಮಾಧಾನ ಕೊಡದಿದ್ದರೆ ಸ್ಕೋರ್ಸ್‌ಗೆ ಹಾಕಿ. ಅಲ್ಲಿಂದ ಬಂದ ದೂರಿಗೆ ಬ್ರೋಕರ್ 21 ದಿನದೊಳಗೆ ಉತ್ತರ ಕೊಡಬೇಕು. ಆಮೇಲೆ 'ಸ್ಮಾರ್ಟ್ ಒಡಿಆರ್' ಎಂಬ ರಾಜಿ ಪಂಚಾಯಿತಿಯ ದಾರಿಯೂ ಇದೆ. ಸೆಬಿಯ ಉಚಿತ ಸಹಾಯವಾಣಿ 1800 266 7575. ಆ 4,200 ಸಿಕ್ಕೇ ಸಿಗುತ್ತದೆ ಎಂದು ನಾನು ಆಸೆ ಹುಟ್ಟಿಸುವುದಿಲ್ಲ. ಕೈಗೆ ಬಾರದ ಲಾಭಕ್ಕೆ ಪರಿಹಾರ ಗಿಟ್ಟುವುದು ಕಷ್ಟ. ಆದರೂ ದೂರು ಬರೆಯುವಾಗ, ನಡೆದದ್ದನ್ನು ಗಂಟೆ ನಿಮಿಷ ಹಾಕಿ ಕಾಗದದ ಮೇಲೆ ಇಳಿಸುವಾಗ, ತಪ್ಪು ಎಲ್ಲಿತ್ತು ಎಂಬುದು ನಿಮಗೇ ಕಾಣುತ್ತದೆ. ಅದರ ಒಂದು ಪ್ರತಿಯನ್ನು ಮಾವನಿಗೂ ಓದಿ ಹೇಳಬಹುದು.

ಈ ಅಂಕಣಕ್ಕೆ ಮೊದಲೆಲ್ಲ ದುಡ್ಡಿನ ಪತ್ರ ಎಂದರೆ ಚೀಟಿ ವ್ಯವಹಾರದ್ದು, ಕೈಸಾಲದ್ದು. ಈಗ ನಾಗಮಂಗಲದಿಂದ, ಕೆ.ಆರ್. ಪೇಟೆಯಿಂದ, ಶ್ರೀರಂಗಪಟ್ಟಣದಿಂದ ಷೇರಿನ ಪತ್ರಗಳೂ ಬರುತ್ತಿವೆ. ಎಷ್ಟೋ ಮನೆಗಳಿಗೆ ಈ ಬಾಗಿಲು ತೆರೆದದ್ದು ಎಲ್‌ಐಸಿ. ಪಾಲಿಸಿದಾರರಿಗೆ 60 ರೂಪಾಯಿ ರಿಯಾಯಿತಿ ಎಂದು ಕೇಳಿ ಡಿಮ್ಯಾಟ್ ಖಾತೆ ಮಾಡಿಸಿದರು. 2022ರ ಮೇ 17ರಂದು ಆ ಷೇರು ಬಜಾರಿಗೆ ಬಂತು. 949 ರೂಪಾಯಿಯದು 872ಕ್ಕೆ ಶುರುವಾಯಿತು. ಅವತ್ತು ಯಾವ ಆ್ಯಪ್ ಕೆಡದಿದ್ದರೂ, 889ಕ್ಕೆ ಕೊಂಡ ಪಾಲಿಸಿದಾರರಿಗೂ ನಷ್ಟವೇ. ಐಪಿಒ ಎಂದರೆ ಹಾಕಿದ ದುಡ್ಡಿಗೆ ಮೊದಲ ದಿನವೇ ಲಾಭ ಎಂದು ಯಾರೂ ಬರೆದುಕೊಟ್ಟಿಲ್ಲ. ಓದುತ್ತಿರುವ ಉಳಿದವರೂ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಲಿಸ್ಟಿಂಗ್ ದಿನವೇ ಮಾರಬೇಕೆಂದಿದ್ದರೆ ಹತ್ತು ಗಂಟೆಗೆ ಕಾಯಬೇಡಿ, ಬೆಳಿಗ್ಗೆ ಒಂಬತ್ತರಿಂದಲೇ ಆರ್ಡರ್ ಹಾಕಲು ಬಿಡುತ್ತಾರೆ. ಬ್ರೋಕರ್‌ನ ಫೋನ್ ಸಂಖ್ಯೆಯನ್ನು ಹಿಂದಿನ ದಿನವೇ ಬರೆದಿಟ್ಟುಕೊಳ್ಳಿ. ನಿಮ್ಮನ್ನು ಚುಚ್ಚಲು ಇದನ್ನು ಹೇಳುತ್ತಿಲ್ಲ ಅಮ್ಮಾ, ಮೊದಲ ಸಲ ಹೋದವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಸಂಘದ ಮುಂದಿನ ಕಂತಿನ ದಿನ ಬರುವ ಮೊದಲೇ ಯಜಮಾನರಿಗೆ ಹೇಳಿಬಿಡಿ. ಅದಕ್ಕೂ ಮೊದಲು ರಾತ್ರಿ ತಡೆಯಲಾಗದಂತೆ ಅನ್ನಿಸಿದರೆ 14416. ಹೇಳಿದ ಮೇಲೆ ಏನಾಯಿತೆಂದು ನನಗೆ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.